ಆಟದಂಗಳ – ಓದುಗರ ಪ್ರಶ್ನೆ: ರಷ್ಯಾದ ಎತ್ತರದ ಸ್ಟ್ರೈಕರ್ ಜ್ಯೂಬಾ

2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ರಷ್ಯಾ ಪರ ಸ್ಟ್ರೈಕರ್ (ಮುಂದೆ ನಿಂತು ಗೋಲು ಹೊಡೆಯುವ ಆಟಗಾರ) ಆಗಿ ಆಡಿದ ಆರ್ಟೆಮ್ ಜ್ಯೂಬಾ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದದ್ದೇ ತಡ, ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪ್ರಶ್ನೆಗಳು ಬಂದವು. ಒಂದೇ ತೆರನವನ್ನು ಕೂಡಿಸಿ ಉತ್ತರಿಸಿದ್ದೇವೆ.

ಜ್ಯೂಬಾ ಅವರನ್ನು ಸ್ವಂತ ಕ್ಲಬ್‌ಗಳೇ ನಾಲ್ಕು ಸಲ ಲೋನ್ ಮೇಲೆ, ಅಂದರೆ ಕೆಲಕಾಲದ ಎರವಲಾಗಿ, ಬೇರೆ ಕಡೆ ಕಳಿಸಿವೆ ಎಂದು ಓದಿದೆ. ಅಂಥವರು ದೇಶದ ತಂಡದ ನಾಯಕರಾದದ್ದು ಹೇಗೆ? ಲೋನ್ ಎಂದರೆ ಬೇಡವಾದವರನ್ನು ಸಾಗಹಾಕುವುದಲ್ಲವೇ?
– ಕುಮಟಾದ ಓದುಗರು

ಎಲ್ಲ ಲೋನ್‌ಗಳೂ ಒಂದೇ ಅಲ್ಲ. ಜ್ಯೂಬಾ ಅವರ ವೃತ್ತಿಯಲ್ಲೇ ಮೂರು ಬಗೆಯವು ಸಿಗುತ್ತವೆ.

1988ರ ಆಗಸ್ಟ್ 22ರಂದು ಮಾಸ್ಕೊದಲ್ಲಿ ಹುಟ್ಟಿದ ಅವರು ಸ್ಪಾರ್ಟಕ್ ಮಾಸ್ಕೊ ಕ್ಲಬ್‌ನ ಶಾಲೆಯಲ್ಲೇ ಬೆಳೆದು, 2006ರಲ್ಲಿ ಮೊದಲ ತಂಡಕ್ಕೆ ಬಂದರು. ಎತ್ತರ ಆರಡಿ ಐದಿಂಚಿನ ಆಸುಪಾಸು. ಇಂಥ ಹುಡುಗನನ್ನು ಕೊನೆಯ ಹತ್ತು ನಿಮಿಷ ಇಳಿಸಿ ‘ಚೆಂಡು ಮೇಲೆ ಎಸೆಯಿರಿ, ಅವನು ನೋಡಿಕೊಳ್ಳುತ್ತಾನೆ’ ಎನ್ನುವುದು ಎಲ್ಲ ಊರಿನ ಕೋಚ್‌ಗಳ ಚಾಳಿ. ಹಾಗೆ ಆಡಿದರೆ ಆಟ ಬೆಳೆಯುವುದಿಲ್ಲ. 2009ರಲ್ಲಿ ಸೈಬೀರಿಯಾದ ಟೋಮ್ ಟೋಮ್ಸ್ಕ್‌ಗೆ ಹೋದದ್ದು ಮೊದಲ ಬಗೆಯ ಲೋನ್. ಸಣ್ಣ ಕ್ಲಬ್, ಆದರೆ ವಾರವಾರ ಪೂರ್ತಿ ಪಂದ್ಯ. 2013–14ರಲ್ಲಿ ರೊಸ್ತೋವ್‌ಗೆ ಹೋದದ್ದೂ ಇದೇ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಅವರು ಲೀಗ್‌ನಲ್ಲಿ 17 ಗೋಲು ಹೊಡೆದರು. ಆ ವರ್ಷ ರೊಸ್ತೋವ್ ಕ್ರಾಸ್ನೊದಾರ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ರಷ್ಯನ್ ಕಪ್ಪನ್ನೂ ಗೆದ್ದಿತು. ಇಡೀ ತಂಡ ಅವರನ್ನೇ ನೆಚ್ಚಿ ಚೆಂಡು ಕಳಿಸುತ್ತಿತ್ತು ಎನ್ನುವುದೇ ಮಾಸ್ಕೊಗೂ ರೊಸ್ತೋವ್‌ಗೂ ಇದ್ದ ವ್ಯತ್ಯಾಸ.

ಎರಡನೆಯದು ಕರಾರಿನ ಜಗಳದ ಲೋನ್. ಕರಾರು ಮುಗಿಯಲು ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಆಟಗಾರ ಬೇರೆ ಕ್ಲಬ್‌ನೊಂದಿಗೆ ಮುಂದಿನ ಕರಾರಿಗೆ ಸಹಿ ಹಾಕಬಹುದು. ಇದು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ. ಹಳೆಯ ಕ್ಲಬ್‌ಗೆ ಒಂದು ಕಾಸೂ ಸಿಗದು. ಜ್ಯೂಬಾ 2015ರ ಆರಂಭದಲ್ಲಿ ಝೆನಿತ್ ಸೇಂಟ್ ಪೀಟರ್ಸ್‌ಬರ್ಗ್‌ಗೆ ಸಹಿ ಹಾಕಿದ್ದು ಹೀಗೆಯೇ. ಸಿಟ್ಟಾದ ಸ್ಪಾರ್ಟಕ್ ಅವರನ್ನು ಮೊದಲ ತಂಡದಿಂದ ಹೊರಗಿಟ್ಟಿತು. ಕರಾರಿನ ಕೊನೆಯ ತಿಂಗಳುಗಳನ್ನು ಅವರು ಮತ್ತೆ ರೊಸ್ತೋವ್‌ನಲ್ಲೇ ಕಳೆದರು.

ನೀವು ಹೇಳಿದ ‘ಸಾಗಹಾಕುವುದು’ ಮೂರನೆಯ ಬಗೆ. 2017–18ರಲ್ಲಿ ಝೆನಿತ್ ಕೋಚ್ ಆಗಿದ್ದ ರೊಬೆರ್ಟೊ ಮಂಚಿನಿ ಅವರಿಗೆ ಜ್ಯೂಬಾ ಬೇಡವಾಗಿದ್ದರು. ಋತುವಿನ ನಡುವೆ ಅರ್ಸೆನಲ್ ತೂಲಾಗೆ ಕಳಿಸಿದರು. ಇದು ಲಂಡನ್ನಿನ ಆರ್ಸೆನಲ್ ಅಲ್ಲ, ಮಾಸ್ಕೊದ ದಕ್ಷಿಣಕ್ಕಿರುವ ತೂಲಾ ಊರಿನ ಸಾಧಾರಣ ತಂಡ. ಅಲ್ಲಿ ಪೂರ್ತಿ ಪಂದ್ಯ ಆಡಿ ಗೋಲು ಹೊಡೆದರು. ಮಾರ್ಚ್‌ನಲ್ಲಿ ಅಲೆಕ್ಸಾಂಡರ್ ಕೊಕೊರಿನ್ ಮಂಡಿಗೆ ಗಾಯ ಮಾಡಿಕೊಂಡಾಗ ದೇಶದ ತಂಡದಲ್ಲಿ ಸ್ಟ್ರೈಕರ್ ಜಾಗ ತೆರವಾಯಿತು. ಬೆಂಚಿನ ಮೇಲೆ ಕೂತಿದ್ದರೆ ಆ ಕರೆ ಬರುತ್ತಿರಲಿಲ್ಲ.

ನಮ್ಮ ಕಡೆಯ ಹುಡುಗರು ಗೋವಾದ ಕ್ಲಬ್‌ಗಳಿಗೆ ಹೋಗುವಾಗ ಮಾಡುವ ತಪ್ಪನ್ನೂ ಇಲ್ಲೇ ಹೇಳಿಬಿಡಬೇಕು. ಕರಾರಿನ ಕೊನೆಯ ದಿನಾಂಕ ನೋಡದೆ ಸಹಿ ಹಾಕುತ್ತಾರೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆನ್‌ಲೈನ್ ನೋಂದಣಿ ವ್ಯವಸ್ಥೆಯಲ್ಲಿ ನಿಮ್ಮ ಹೆಸರು ಒಂದು ಕ್ಲಬ್‌ಗೆ ಸೇರಿದ ಮೇಲೆ ವರ್ಗಾವಣೆ ಆಗದೆ ಇನ್ನೊಂದು ಕ್ಲಬ್‌ಗೆ ಆಡುವಂತಿಲ್ಲ. ಹವ್ಯಾಸಿ ನೋಂದಣಿಯೋ ವೃತ್ತಿಪರ ಕರಾರೋ, ಎಂದು ಮುಗಿಯುತ್ತದೆ, ಸಂಬಳ ತಪ್ಪಿದರೆ ಏನು, ಈ ಮೂರನ್ನು ಕೇಳಿ, ಕಾಗದದ ಒಂದು ಪ್ರತಿ ಕೈಗೆ ಬಂದ ಮೇಲೆ ಸಹಿ ಹಾಕಿ.

ನನ್ನ ಎತ್ತರ ಆರಡಿ ಎರಡಿಂಚು. ಕಾಲೇಜು ತಂಡದಲ್ಲಿ ಮುಂದೆ ನಿಲ್ಲಿಸಿ ಹಿಂದಿನಿಂದ ಉದ್ದ ಹೊಡೆಯುತ್ತಾರೆ. ನನಗಿಂತ ಗಿಡ್ಡ ಇರುವ ಡಿಫೆಂಡರ್‌ಗಳೇ ಚೆಂಡು ಕಸಿಯುತ್ತಾರೆ. ಜ್ಯೂಬಾ ಅವರಿಗೆ ಆಗುವುದು ನನಗೇಕೆ ಆಗುವುದಿಲ್ಲ?
– ಕಾರವಾರದ ವಿದ್ಯಾರ್ಥಿ

ನೀವು ಚೆಂಡಿನ ಕೆಳಗೆ ಹೋಗಿ ನಿಂತು ಕಾಯುತ್ತಿರಬೇಕು. ಎತ್ತರದವರೆಲ್ಲ ಮಾಡುವುದು ಇದನ್ನೇ. ನಿಂತಲ್ಲಿಂದ ಜಿಗಿಯುವವನಿಗಿಂತ ನಾಲ್ಕು ಹೆಜ್ಜೆ ಓಡಿ ಬಂದು ಒಂದೇ ಕಾಲಿನಲ್ಲಿ ಚಿಮ್ಮುವವನು ಮೇಲೆ ಹೋಗುತ್ತಾನೆ. ನಿಮ್ಮ ಮೂರ್ನಾಲ್ಕು ಇಂಚಿನ ಲಾಭ ಅಲ್ಲಿಗೆ ಮುಗಿಯಿತು.

ಜ್ಯೂಬಾ ಮಾಡುವುದು ಬೇರೆ. 2018ರ ಜೂನ್ 19ರ ಈಜಿಪ್ಟ್ ಪಂದ್ಯದ 62ನೇ ನಿಮಿಷದ ಗೋಲನ್ನು ಮತ್ತೆ ಹಾಕಿ ನೋಡಿ. ಹಿಂದಿನಿಂದ ರಷ್ಯಾದ ಡಿಫೆಂಡರ್ ಕುಟೆಪೋವ್ ಉದ್ದ ಚೆಂಡು ಕೊಡುತ್ತಾರೆ. ಜ್ಯೂಬಾ ಅದನ್ನು ಎದೆಯ ಮೇಲೆ ಇಳಿಸಿಕೊಂಡು, ಒಂದು ಸ್ಪರ್ಶದಲ್ಲಿ ಡಿಫೆಂಡರನ್ನು ದಾಟಿ, ಬಲಗಾಲಿನಿಂದ ನೆಲದ ಮಟ್ಟಕ್ಕೆ ಮೂಲೆಗೆ ಹೊಡೆಯುತ್ತಾರೆ. ಅದರಲ್ಲಿ ಹೆಡರ್ (ತಲೆಯಿಂದ ಹೊಡೆತ) ಇಲ್ಲವೇ ಇಲ್ಲ. ಎತ್ತರ ಉಪಯೋಗಕ್ಕೆ ಬಂದದ್ದು ಡಿಫೆಂಡರನ್ನು ದೂರ ಇಡುವುದಕ್ಕೆ.

ಕ್ರಮ ಹೀಗೆ. ಚೆಂಡು ಗಾಳಿಯಲ್ಲಿದ್ದಾಗಲೇ ಒಮ್ಮೆ ಭುಜದ ಹಿಂದೆ ನೋಡಿ. ಬಳಿಕ ಚೆಂಡಿನತ್ತ ಹೋಗುವ ಬದಲು ಒಂದೆರಡು ಹೆಜ್ಜೆ ಡಿಫೆಂಡರ್ ಕಡೆಗೇ ಸರಿದು ಅವನಿಗೆ ಮೈ ಆನಿಸಿ. ಆಗ ಅವನಿಗೆ ಓಡಿ ಬಂದು ಜಿಗಿಯಲು ಜಾಗ ಸಿಗದು. ಕಾಲುಗಳನ್ನು ಭುಜಕ್ಕಿಂತ ತುಸು ಅಗಲ ಮಾಡಿ, ಮಂಡಿ ಬಾಗಿಸಿ, ಸೊಂಟ ಅವನ ಸೊಂಟಕ್ಕಿಂತ ಕೆಳಗಿರಲಿ. ಎತ್ತರದವರು ನೆಟ್ಟಗೆ ನಿಂತರೆ ಸಣ್ಣ ನೂಕಿಗೂ ಮುಂದಕ್ಕೆ ಬೀಳುತ್ತಾರೆ. ಬೆನ್ನನ್ನು ಪೂರ್ತಿ ಕೊಡದೆ ಅರ್ಧ ಓರೆಯಾಗಿ ನಿಲ್ಲಿ. ಅವನ ಕಡೆಯ ಮುಂಗೈ ಅಡ್ಡ ಇರಲಿ, ಅವನು ಎತ್ತ ಸರಿಯುತ್ತಾನೆಂದು ಆ ಕೈಗೇ ತಿಳಿಯುತ್ತದೆ. ಮೊಣಕೈ ಭುಜಕ್ಕಿಂತ ಮೇಲೆ ಹೋಗಿ ಅವನಿಗೆ ತಗುಲಿದರೆ ಫೌಲ್, ಮುಖಕ್ಕೆ ಬಡಿದರೆ ಕಾರ್ಡೂ ಬರಬಹುದು. ಚೆಂಡನ್ನು ಅವನಿಂದ ದೂರದ ಕಾಲಿನಲ್ಲಿ ತೆಗೆದುಕೊಳ್ಳಿ. ಎದೆಗೆ ಬಂದರೆ ಉಸಿರು ಬಿಡುತ್ತಾ ಎದೆ ಸಡಿಲಿಸಿ. ಉಬ್ಬಿಸಿ ನಿಂತರೆ ಚೆಂಡು ಮಾರುದೂರ ಪುಟಿಯುತ್ತದೆ. ಎರಡನೇ ಸ್ಪರ್ಶಕ್ಕೆ ಐದಾರು ಮೀಟರ್ ದೂರದ, ಗೋಲಿಗೆ ಮುಖ ಮಾಡಿ ಬರುವ ಜೊತೆಗಾರನಿಗೆ ಕೊಟ್ಟು, ನೀವು ಗೋಲಿನ ಮುಂದಿನ ಬಾಕ್ಸ್ ಕಡೆ ತಿರುಗಿ ಓಡಿ.

ಆ ಜೊತೆಗಾರನೇ ಇಲ್ಲದಿದ್ದರೆ ಮೇಲಿನದ್ದೆಲ್ಲ ದಂಡ. ರಷ್ಯಾ ತಂಡದಲ್ಲಿ ಗೊಲೊವಿನ್, ಚೆರಿಶೆವ್ ಇಬ್ಬರೂ ಜ್ಯೂಬಾ ಅವರ ಆಸುಪಾಸಿಗೆ ಓಡುತ್ತಿದ್ದರು. ನಿಮ್ಮ ಕೋಚ್ ಬಳಿ ಕೇಳಬೇಕಾದ್ದು ಇದನ್ನು: ಉದ್ದ ಚೆಂಡು ಹೊಡೆದ ಕೂಡಲೇ ನನ್ನಿಂದ ಹತ್ತು ಮೀಟರ್ ಒಳಗೆ ಇಬ್ಬರು ಇರಲಿ.

ಅಭ್ಯಾಸಕ್ಕೆ ನಾಲ್ವರು ಸಾಕು. ಒಬ್ಬ 25 ಮೀಟರ್ ದೂರದಿಂದ ಕಾಲಿನಲ್ಲಿ ಎತ್ತಿ ಕೊಡಲಿ, ಒಬ್ಬ ಡಿಫೆಂಡರ್, ಒಬ್ಬ ಪಾಸ್ ಪಡೆಯುವವನು, ನೀವು. ಎಂಟು ಚೆಂಡಿನ ಒಂದು ಸುತ್ತಿನಂತೆ ನಾಲ್ಕು ಸುತ್ತು, ನಡುವೆ ಒಂದೂವರೆ ನಿಮಿಷ ವಿರಾಮ. ಮೊದಲೆರಡು ಸುತ್ತಿನಲ್ಲಿ ಡಿಫೆಂಡರ್ ಬರೀ ಆನಿಕೊಂಡಿರಲಿ, ಆಮೇಲೆ ಕಸಿಯಲಿ. ಮೊದಲ ದಿನವೇ ಪೂರ್ತಿ ಬಲದ ಡಿಫೆಂಡರನ್ನು ಬಿಟ್ಟರೆ ನೀವು ಗಾಬರಿಯಲ್ಲಿ ಪ್ರತಿ ಸಲವೂ ತಿರುಗಲು ನೋಡುತ್ತೀರಿ. ತಿರುಗುವುದು ಹತ್ತರಲ್ಲಿ ಎರಡು ಸಲದ ಮಾತು. ಅವನ ಭಾರ ಒಂದೇ ಕಡೆ ಬಿದ್ದಿದೆ ಎಂದು ಕೈಗೆ ತಿಳಿದಾಗ ಮಾತ್ರ.

ಹೆಡರ್ ಕಲಿಯಲು ಕೈಯಿಂದ ಎಸೆದ ಚೆಂಡು ಸಾಕು. ಕಣ್ಣು ತೆರೆದು, ಬಾಯಿ ಮುಚ್ಚಿ, ಕುತ್ತಿಗೆ ಬಿಗಿ ಹಿಡಿದು, ಹಣೆಯಿಂದ ಕೆಳಮುಖವಾಗಿ ಹೊಡೆಯಿರಿ. ಗೋಲ್‌ಗೆರೆಯ ಹತ್ತಿರ ನೆಲಕ್ಕೆ ಬಡಿದು ಏಳುವ ಚೆಂಡನ್ನು ಹಿಡಿಯುವುದು ಕೀಪರ್‌ಗೆ ಕಷ್ಟ. ನೆತ್ತಿಗೆ ತಗುಲಿದರೆ ತಲೆನೋವು, ಮೇಲಾಗಿ ಚೆಂಡು ಬಾರಿನ ಮೇಲಿಂದ ಹೋಗುತ್ತದೆ. ಉದ್ದ ಹೊಡೆತ, ಕಾರ್ನರ್‌ಗಳಂಥ ಬಲದ ಹೆಡರ್‌ಗಳನ್ನು ಅಭ್ಯಾಸದಲ್ಲಿ ವಾರಕ್ಕೆ 10ಕ್ಕೆ ನಿಲ್ಲಿಸಬೇಕೆಂದು 2021ರಲ್ಲಿ ಇಂಗ್ಲೆಂಡಿನ ವೃತ್ತಿಪರ ಕ್ಲಬ್‌ಗಳಿಗೇ ಸಲಹೆ ಕೊಟ್ಟಿದ್ದಾರೆ. ಕಾಲೇಜು ಹುಡುಗರು ಅದನ್ನು ಮೀರಬೇಕಾದ ಕಾರಣ ಕಾಣದು.

ಜ್ಯೂಬಾ, ಕೆರ್ಝಾಕೋವ್ ಇಬ್ಬರದೂ ರಷ್ಯಾ ಪರ 30 ಗೋಲು ಎನ್ನುತ್ತಾರೆ. ಯಾರು ಮೇಲು? ನಮ್ಮ ಅಂಗಡಿಕಟ್ಟೆಯಲ್ಲಿ ಇದೇ ವಾದ.
– ಶಿರಸಿಯ ಓದುಗರು

2021ರ ಜೂನ್ 21ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಹೊಡೆದ ಪೆನಾಲ್ಟಿಯಿಂದ ಜ್ಯೂಬಾ 30 ಮುಟ್ಟಿ ಅಲೆಕ್ಸಾಂಡರ್ ಕೆರ್ಝಾಕೋವ್‌ಗೆ ಸಮನಾದರು. ಆ ಪಂದ್ಯವನ್ನು ರಷ್ಯಾ 1–4ರಲ್ಲಿ ಸೋತು ಯುರೋ ಕಪ್‌ನಿಂದ ಹೊರಬಿತ್ತು. ದೇಶದ ಪರ ಜ್ಯೂಬಾ ಆಡಿದ್ದು ಒಟ್ಟು 55 ಪಂದ್ಯ, ಕೆರ್ಝಾಕೋವ್ 91. ಇಷ್ಟು ಹೇಳಿ ವಾದ ಮುಗಿಸುವವರಿಗೆ ಎದುರು ಲೆಕ್ಕ ಉಂಟು: 2015ರಲ್ಲಿ ಲೀಚ್‌ಟೆನ್‌ಸ್ಟೈನ್ ವಿರುದ್ಧ 4 (ರಷ್ಯಾಕ್ಕೆ 7–0 ಜಯ), 2019ರಲ್ಲಿ ಸ್ಯಾನ್ ಮರಿನೊ ವಿರುದ್ಧ 4 (9–0). ಎರಡೇ ಪಂದ್ಯಗಳಿಂದ ಎಂಟು ಗೋಲು!

ಆದರೆ ದೊಡ್ಡ ವೇದಿಕೆಯ ತಕ್ಕಡಿ ಜ್ಯೂಬಾ ಕಡೆಗೇ ವಾಲುತ್ತದೆ. 2018ರ ವಿಶ್ವಕಪ್‌ನಲ್ಲಿ ಮೂರು ಗೋಲು. ಸೌದಿ ಅರೇಬಿಯಾ ವಿರುದ್ಧ ಬದಲಿಯಾಗಿ ಇಳಿದ ಮರುನಿಮಿಷದಲ್ಲೇ ಒಂದು, ಈಜಿಪ್ಟ್ ಮೇಲೆ ಒಂದು, ಸ್ಪೇನ್ ಮೇಲೆ 41ನೇ ನಿಮಿಷದ ಪೆನಾಲ್ಟಿ. ಆ ಪೆನಾಲ್ಟಿ ಸಿಕ್ಕಿದ್ದೂ ಅವರ ಹೆಡರ್ ಸ್ಪೇನಿನ ಡಿಫೆಂಡರ್ ಪಿಕೆ ಕೈಗೆ ಬಡಿದದ್ದಕ್ಕೆ. ಯುರೋಪಿನ ಕ್ಲಬ್‌ಗಳ ಕೂಟವಾದ 2015–16ರ ಚಾಂಪಿಯನ್ಸ್ ಲೀಗ್ ಗುಂಪಿನ ಆರು ಪಂದ್ಯಗಳಲ್ಲಿ ಝೆನಿತ್‌ಗೆ ಆರು ಗೋಲು. 2019–20ರಲ್ಲಿ ಝೆನಿತ್‌ನ ಜೊತೆಗಾರ ಸರ್ದಾರ್ ಅಜ್ಮೂನ್ ಜೊತೆ ತಲಾ 17, ಮರುವರ್ಷ ಒಬ್ಬರೇ 20 ಹೊಡೆದು ರಷ್ಯನ್ ಲೀಗ್‌ನ ಅಗ್ರ ಸ್ಕೋರರ್. ಕೆರ್ಝಾಕೋವ್ ಪಾಲಿಗೆ ವಿಶ್ವಕಪ್ ಗೋಲು ಒಂದೇ, 2014ರಲ್ಲಿ ದಕ್ಷಿಣ ಕೊರಿಯಾ ವಿರುದ್ಧ. ಅವರ ಕಡೆಯ ದೊಡ್ಡ ಮಾತೆಂದರೆ ಹೊರದೇಶಕ್ಕೆ ಹೋಗಿ ಗೆದ್ದದ್ದು, 2007ರಲ್ಲಿ ಸ್ಪೇನಿನ ಸೆವಿಯಾ ತಂಡದೊಂದಿಗೆ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್.

ಜ್ಯೂಬಾ ಪ್ರಾಯದಲ್ಲಿ ಹೊರಗೆ ಹೋಗಲೇ ಇಲ್ಲ. ರಷ್ಯನ್ ಲೀಗ್‌ನಲ್ಲಿ ವಿದೇಶಿ ಆಟಗಾರರಿಗೆ ಮಿತಿ ಇರುವುದರಿಂದ ಒಳ್ಳೆಯ ಸ್ವದೇಶಿ ಸ್ಟ್ರೈಕರ್‌ಗೆ ಮನೆಯಲ್ಲೇ ಬೇಡಿಕೆ, ಸಂಬಳ ಎರಡೂ ಜಾಸ್ತಿ. ಸ್ಪೇನಿಗೋ ಇಂಗ್ಲೆಂಡಿಗೋ ಹೋಗಿ ಬೆಂಚ್ ಕಾಯುವ ಉಸಾಬರಿ ಯಾರಿಗೆ ಬೇಕು? 2022ರಲ್ಲಿ ಟರ್ಕಿಯ ಅದಾನಾ ದೆಮಿರ್‌ಸ್ಪೋರ್‌ಗೆ ಹೋದಾಗ ವಯಸ್ಸು 34 ತುಂಬುತ್ತಿತ್ತು, ಕೆಲವೇ ತಿಂಗಳಲ್ಲಿ ಅದು ಮುಗಿಯಿತು. 2023ರಲ್ಲಿ ಲೊಕೊಮೊಟಿವ್ ಮಾಸ್ಕೊ, 2024ರಲ್ಲಿ ಅಕ್ರೋನ್ ತೊಲ್ಯಾತಿ. ಗೋಲಿನ ಮುಂದಿನ ಚತುರತೆಯಲ್ಲಿ ಕೆರ್ಝಾಕೋವ್, ತಂಡಕ್ಕೆ ಆಧಾರವಾಗುವುದರಲ್ಲಿ ಜ್ಯೂಬಾ ಎನ್ನುವುದು ನಮ್ಮ ತೀರ್ಪು. ಕಟ್ಟೆಯಲ್ಲಿ ಒಪ್ಪದಿದ್ದರೆ ಇನ್ನೊಂದು ಚಹಾ ತರಿಸಿ ಮುಂದುವರಿಸಿ.

ಒಂದೇ ವಿಶ್ವಕಪ್ ಪಂದ್ಯದಲ್ಲಿ ಐದು ಗೋಲು ಹೊಡೆದ ರಷ್ಯನ್ ಯಾರು? ಆಮೇಲೆ ಏನಾದರು?
– ಹೊನ್ನಾವರದ ಓದುಗರು

ಒಲೆಗ್ ಸಲೆಂಕೊ. 1994ರ ಜೂನ್ 28, ಅಮೆರಿಕದ ಸ್ಟ್ಯಾನ್‌ಫರ್ಡ್ ಕ್ರೀಡಾಂಗಣ, ಕ್ಯಾಮರೂನ್ ವಿರುದ್ಧ 6–1. ಹಿಂದಿನ ಪಂದ್ಯದಲ್ಲಿ ಸ್ವೀಡನ್ ಮೇಲೆ ಹೊಡೆದ ಪೆನಾಲ್ಟಿಯೂ ಸೇರಿ ಒಟ್ಟು ಆರು ಗೋಲಿನಿಂದ ಬಲ್ಗೇರಿಯಾದ ಸ್ಟೊಯ್ಚ್‌ಕೋವ್ ಜೊತೆ ಅತಿ ಹೆಚ್ಚು ಗೋಲಿಗೆ ಕೊಡುವ ಚಿನ್ನದ ಬೂಟು ಹಂಚಿಕೊಂಡರು. ತಂಡ ಮಾತ್ರ ಗುಂಪು ಹಂತದಲ್ಲೇ ಮನೆಗೆ ಹೋಯಿತು. ಅದೇ ಪಂದ್ಯದಲ್ಲಿ ಕ್ಯಾಮರೂನಿನ ರೊಜೆ ಮಿಲಾ 42ನೇ ವಯಸ್ಸಿನಲ್ಲಿ ಗೋಲು ಹೊಡೆದದ್ದನ್ನು ಕ್ವಿಜ್ ಮಾಡುವವರು ಬರೆದಿಟ್ಟುಕೊಳ್ಳಿ.

ಅದೇ ಸಲೆಂಕೊ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಕೋಚ್ ಬದಲಾದರು, ಹೊಸಬರು ಕರೆಯಲಿಲ್ಲ. ಸ್ಪೇನಿನ ವೇಲೆನ್ಸಿಯಾ, ಸ್ಕಾಟ್ಲೆಂಡಿನ ರೇಂಜರ್ಸ್, ಟರ್ಕಿಯ ಇಸ್ತಾಂಬುಲ್‌ಸ್ಪೋರ್ ಎಂದು ತಿರುಗಿದರು. ಮಂಡಿನೋವು ಮೂವತ್ತರ ಹೊತ್ತಿಗೆ ಆಟ ನಿಲ್ಲಿಸಿತು.

ರಷ್ಯಾದ ಹಳೆಯ ಸ್ಟ್ರೈಕರ್ ಸ್ಟ್ರೆಲ್ತ್ಸೊವ್‌ಗೆ 1956ರ ಒಲಿಂಪಿಕ್ಸ್ ಚಿನ್ನ ಸಿಗಲಿಲ್ಲವಂತೆ. ಭಾರತ ನಾಲ್ಕನೇ ಸ್ಥಾನ ಪಡೆದ ಒಲಿಂಪಿಕ್ಸ್ ಅದೇ ತಾನೇ?
– ಭಟ್ಕಳದ ನಿವೃತ್ತ ಶಿಕ್ಷಕರು

ಹೌದು, ಮೆಲ್ಬರ್ನ್‌ನ ಅದೇ ಕೂಟ. ಭಾರತ ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾಕ್ಕೆ 1–4ರಲ್ಲಿ ಸೋತಿತು. ಆ ಯುಗೊಸ್ಲಾವಿಯಾವನ್ನು ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟ 1–0ಯಿಂದ ಮಣಿಸಿತು. ಟಾರ್ಪೆಡೊ ಮಾಸ್ಕೊದ ಎಡ್ವರ್ಡ್ ಸ್ಟ್ರೆಲ್ತ್ಸೊವ್‌ಗೆ ಆಗ 19. ಬಲ್ಗೇರಿಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ಗೋಲು ಹೊಡೆದಿದ್ದರೂ ಫೈನಲ್‌ಗೆ ನಿಕಿತಾ ಸಿಮೊನ್ಯಾನ್ ಅವರನ್ನು ಇಳಿಸಿದರು. ಪದಕ ಫೈನಲ್ ಆಡಿದ ಹನ್ನೊಂದು ಮಂದಿಗೆ ಮಾತ್ರ. ಸಿಮೊನ್ಯಾನ್ ತಮ್ಮದನ್ನು ಕೊಡಲು ಹೋದರೂ ಸ್ಟ್ರೆಲ್ತ್ಸೊವ್ ತೆಗೆದುಕೊಳ್ಳಲಿಲ್ಲ.

1958ರ ವಿಶ್ವಕಪ್‌ಗೆ ಮುನ್ನ ಅತ್ಯಾಚಾರದ ಆರೋಪದಲ್ಲಿ ಸ್ಟ್ರೆಲ್ತ್ಸೊವ್ ಬಂಧನವಾಗಿ 12 ವರ್ಷದ ಶಿಕ್ಷೆ ಬಿತ್ತು. ಐದು ವರ್ಷಕ್ಕೆ ಬಿಡುಗಡೆ. ಆ ವಿಚಾರಣೆಯ ಬಗ್ಗೆ ಇಂದಿಗೂ ವಾದ ಮುಗಿದಿಲ್ಲ. 1965ರಲ್ಲಿ ಟಾರ್ಪೆಡೊಗೆ ಮರಳಿದ ವರ್ಷವೇ ಲೀಗ್ ಗೆಲುವು, 1967 ಮತ್ತು 1968ರಲ್ಲಿ ಸೋವಿಯತ್ ಒಕ್ಕೂಟದ ವರ್ಷದ ಆಟಗಾರ. 38 ಪಂದ್ಯಗಳಲ್ಲಿ 25 ಗೋಲು ಅವರ ಅಂತರರಾಷ್ಟ್ರೀಯ ಲೆಕ್ಕ. ಹಿಮ್ಮಡಿಯಿಂದ ಕೊಡುವ ಪಾಸ್‌ಗೆ ರಷ್ಯನ್ನರು ಇಂದಿಗೂ ಅವರ ಹೆಸರು ಹೇಳುತ್ತಾರೆ.

ಚಳಿಗಾಲದಲ್ಲಿ ಇಲ್ಲಿಗೆ ಬರುವ ರಷ್ಯನ್ ಪ್ರವಾಸಿಗರು ಮರಳಿನಲ್ಲಿ ಚೆನ್ನಾಗಿ ಆಡುತ್ತಾರೆ. ನಮ್ಮ ಹುಡುಗರ ಅಭ್ಯಾಸವೂ ಮರಳಿನಲ್ಲೇ. ಮೈದಾನದ ಪಂದ್ಯಕ್ಕೆ ಹೋದರೆ ಕಾಲು ಹಿಡಿಯುತ್ತದೆ, ಹೆಡರ್ ತಪ್ಪುತ್ತದೆ. ಏಕೆ?
– ಗೋಕರ್ಣದ ಓದುಗರು

ಬೀಚ್ ಸಾಕರ್‌ನಲ್ಲಿ ರಷ್ಯಾ ನಿಜಕ್ಕೂ ದೊಡ್ಡ ತಂಡ. 2011, 2013, 2021ರ ವಿಶ್ವಕಪ್ ಅವರದು. ಆದರೆ ಅದು ಬೇರೆಯೇ ಆಟ. ಐದೈದು ಜನ, ಬರಿಗಾಲು, 12 ನಿಮಿಷದ ಮೂರು ಅವಧಿ. ಚೆಂಡು ಉರುಳುವುದಿಲ್ಲವಾದ್ದರಿಂದ ಗಾಳಿಯಲ್ಲೇ ಎತ್ತಿ ಆಡುತ್ತಾರೆ.

ಸಡಿಲ ಮರಳಿನಲ್ಲಿ ಪಾದ ಹೂತು, ನೆಲವನ್ನು ಒತ್ತಿ ಮೇಲೇಳಲು ಹೊತ್ತು ಹಿಡಿಯುತ್ತದೆ. ಕಾಲು ಆ ನಿಧಾನಕ್ಕೆ ಒಗ್ಗಿದರೆ ಗಟ್ಟಿ ನೆಲದಲ್ಲಿ ಜಿಗಿತದ ಸಮಯ ತಪ್ಪುತ್ತದೆ. ಹೆಡರ್ ತಪ್ಪುವುದು ಇದಕ್ಕೇ. ಮೀನಖಂಡ, ಹಿಮ್ಮಡಿಯ ಮೇಲಿನ ನರ ಎರಡಕ್ಕೂ ಮರಳಿನಲ್ಲಿ ಎಳೆತ ಹೆಚ್ಚು. ಮರುದಿನವೇ ಚಿರೇಕಲ್ಲು ಮಣ್ಣಿನ ಮೈದಾನದಲ್ಲಿ ಓಡಿದರೆ ಹಿಡಿಯದೆ ಇನ್ನೇನು? ಸಡಿಲ ಮರಳಿನ ಅಭ್ಯಾಸ ವಾರಕ್ಕೆ ಎರಡು ಸಲ, 20–25 ನಿಮಿಷ ಸಾಕು, ಪಂದ್ಯದ ಹಿಂದಿನ ಎರಡು ದಿನ ಬೇಡ. ವೇಗದ ಓಟವನ್ನು ಇಳಿತದ ಹೊತ್ತಿಗೆ ನೀರಂಚಿನ ಗಟ್ಟಿ ಮರಳಿನಲ್ಲಿ ಮಾಡಿ. ಅಲ್ಲಿ ದಂಡೆ ಓರೆಯಾಗಿರುವುದರಿಂದ ಹೋದಷ್ಟೇ ದೂರ ವಾಪಸ್ಸೂ ಓಡಬೇಕು, ಇಲ್ಲದಿದ್ದರೆ ಒಂದೇ ಮಂಡಿಗೆ ಭಾರ ಬೀಳುತ್ತದೆ. ಆಡುವ ಮುನ್ನ ಚಿಪ್ಪು, ಗಾಜು, ಬಲೆಯ ತುಂಡು ಆರಿಸಿ ತೆಗೆಯಿರಿ.

ಜಿಗಿತ, ಹೆಡರ್ ಅಭ್ಯಾಸಕ್ಕೆ ಮಾತ್ರ ಮೈದಾನಕ್ಕೇ ಹೋಗಿ. ಚಿರೇಕಲ್ಲು ನೆಲಕ್ಕೆ ಲೋಹದ ಸ್ಟಡ್ (ಅಡಿಭಾಗದ ಗುಬ್ಬಿ) ಇರುವ ಬೂಟು ಬೇಡ, ಒಳಗೆ ಇಳಿಯದೆ ಜಾರುತ್ತದೆ. ಗಿಡ್ಡ ರಬ್ಬರ್ ಗುಬ್ಬಿಗಳು ತುಂಬಾ ಇರುವ ಟರ್ಫ್ ಶೂ ಒಳ್ಳೆಯದು.

ಮಗನಿಗೆ ಒಂಬತ್ತು ವರ್ಷ. ಹೆಡರ್ ಕಲಿಸಬಹುದೇ? ಮಳೆಗಾಲದಲ್ಲಿ ಚೆಂಡು ಕಲ್ಲಿನಂತಾಗುತ್ತದೆ, ಏನು ಮಾಡಬೇಕು?
– ಹಳಿಯಾಳದ ಪಾಲಕರು

ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷದವರೆಗೆ ಹೆಡರ್ ಪೂರ್ತಿ ನಿಷೇಧಿಸಿದೆ, 11ರಿಂದ 13ರವರೆಗೆ ಅಭ್ಯಾಸದಲ್ಲಿ ಮಿತಿ ಹಾಕಿದೆ. ಆಸೆ ಪಟ್ಟರೆ ಬಲೂನಿನಲ್ಲೋ ಹಗುರ ಸ್ಪಂಜಿನ ಚೆಂಡಿನಲ್ಲೋ ಆಡಲಿ, ಕಣ್ಣು ತೆರೆದಿಡುವುದನ್ನು ಕಲಿತರೆ ಸದ್ಯಕ್ಕೆ ಸಾಕು. ಒಂಬತ್ತರ ಮಗುವಿಗೆ 4ನೇ ಅಳತೆಯ ಚೆಂಡು ಕೊಡಿ.

ದೊಡ್ಡವರ 5ನೇ ಅಳತೆಯ ಚೆಂಡಿನ ತೂಕ 410–450 ಗ್ರಾಂ, ಸುತ್ತಳತೆ 68–70 ಸೆಂ.ಮೀ. ಕೈಹೊಲಿಗೆಯ ಅಗ್ಗದ ಚೆಂಡು ಹೊಲಿಗೆಯಿಂದ ನೀರು ಕುಡಿದು ಭಾರವಾಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ, 450 ದಾಟಿದ್ದರೆ ಅಂದು ಯಾರೂ ತಲೆಗೆ ಕೊಡಬೇಡಿ. ಮಳೆಗಾಲಕ್ಕೆ ಹೊಲಿಗೆಯಿಲ್ಲದ, ಶಾಖದಿಂದ ಅಂಟಿಸಿದ ಚೆಂಡು ಲೇಸು. ಗಾಳಿಯ ಒತ್ತಡ ಗೇಜ್‌ನಲ್ಲಿ 8.5ರಿಂದ 15.6 ಪಿಎಸ್‌ಐವರೆಗೆ ನಿಯಮದ ಪ್ರಕಾರ ಸರಿಯಾದರೂ ಮಕ್ಕಳಿಗೆ ಕೆಳ ಮಿತಿಯ ಹತ್ತಿರವೇ ಇಡಿ. ಸೈಕಲ್ ಅಂಗಡಿಯಲ್ಲಿ ಗೇಜ್ ಇಲ್ಲದೆ ಹೊಡೆಸಿದರೆ ಕಲ್ಲಾಗುವುದು ಸಹಜ. ಸೂಜಿಗೆ ಒಂದು ತೊಟ್ಟು ಗ್ಲಿಸರಿನ್ ಹಚ್ಚಿ ಚುಚ್ಚಿ, ಒಣಸೂಜಿ ವಾಲ್ವ್ ಹರಿಯುತ್ತದೆ. ಆಟ ಮುಗಿದ ಮೇಲೆ ಒರೆಸಿ ನೆರಳಿನಲ್ಲಿ ಒಣಗಿಸಿ. ಒದ್ದೆಯಾಗಿಯೇ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಹೊಲಿಗೆಯ ದಾರ ಕೊಳೆಯುತ್ತದೆ. ಒಲೆಯ ಪಕ್ಕ ಇಟ್ಟರೆ ಪದರ ಬಿಡುತ್ತದೆ.